ನಮಾಜಿಗೆ ಮೊದಲೇ ಬಂದ ರಾನು

ಮೂಡಲಗಿ
೧೦ ಜನವರಿ ೨೦೨೫

ಸಾಹಿರಾ ಮಗಳೇ,

ನಾವೆಲ್ಲ ಚೆನ್ನಾಗಿದ್ದೇವೆ. ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಕಾಗದದ ಕೊನೆಯ ತನಕ ಅದನ್ನೇ ಹುಡುಕುತ್ತೀ. ಫೋನು ಮಾಡಬೇಡ. ನನ್ನ ಕಿವಿಯ ಕಥೆ ನಿನಗೆ ಗೊತ್ತಲ್ಲ, ನೀನು ಆಡಿದ ಮಾತು ನನ್ನೊಬ್ಬಳನ್ನು ಬಿಟ್ಟು ಓಣಿಗೆಲ್ಲ ಕೇಳಿಸುತ್ತದೆ. ಆ ಕಡೆ ಹುಕ್ಕೇರಿಯಲ್ಲಿ ನಿನ್ನ ಅತ್ತೆಯೂ ಮಗ್ಗುಲಲ್ಲೇ ಕೂತಿರುತ್ತಾರೆ. ಇಬ್ಬರೂ ಕನ್ನಡ ಸಾಲೆಗೆ ಹೋದವರು, ಬರೆದುಕೊಳ್ಳೋಣ.

ಮೊನ್ನೆ ಮಮದಾಪುರದ ಮದುವೆಯಲ್ಲಿ ನೀನು ನನ್ನ ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದೆ. ಬಿಲ್ವಾರ ಎಲ್ಲಿ, ಪಾಟ್ಲಿ ಎಲ್ಲಿ ಅಂತ ತಾನೆ? ಚಳಿಗೆ ಮಣಿಕಟ್ಟಿನಲ್ಲಿ ತುರಿಕೆ ಎದ್ದಿದೆ. ಬಂಗಾರ ತಾಗಿದರೆ ಉರಿಯುತ್ತದೆ. ಗಾಜಿನ ಬಳೆಯೇ ತಂಪು. ನಿನ್ನ ಕಣ್ಣು ನಿಮ್ಮ ಅಜ್ಜಿಯ ಕಣ್ಣು, ಮದುವೆ ಊಟಕ್ಕೆ ಹೋದರೂ ಅವರಿವರ ಮೈಮೇಲಿನದನ್ನೇ ತೂಗುತ್ತಿದ್ದಳು.

ಸಂಕ್ರಾಂತಿ ರಜೆಗೆ ಅಲ್ಮಾಸಳನ್ನು ಕರೆದುಕೊಂಡು ಬರುತ್ತೇನೆ ಎಂದೆಯಲ್ಲ, ಈ ಸಲ ಬೇಡ. ಮನೆಗೆ ಬಣ್ಣ ಹಚ್ಚಿಸುತ್ತಿದ್ದೇವೆ. ಎಲ್ಲ ಕಡೆ ಸುಣ್ಣದ ಧೂಳು, ಕೂಸಿಗೆ ಕೆಮ್ಮು ಹಿಡಿದೀತು. ನಿಮ್ಮ ಅಬ್ಬಾ, "ನಮ್ಮ ಮನಿ ಹಸರ ಅಂದ್ರ ಆ ಹಸರೇ ಬೇಕು, ಬ್ಯಾರೇದು ನಡಿಯಂಗಿಲ್ಲ" ಎಂದು ಕೂತಿದ್ದಾರೆ. ಆ ಹಸಿರು ಯಾವ ಅಂಗಡಿಯಲ್ಲೂ ಸಿಗುತ್ತಿಲ್ಲ.

ನಿನ್ನ ನಾದಿನಿಯ ಮದುವೆಗೆ ಅಡುಗೆ ಮಾಡುವ ನಮ್ಮ ದೊಡ್ಡ ತಾಮ್ರದ ದೇಗುಗಳು ಬೇಕೆಂದು ಅತ್ತೆ ಕೇಳಿದರಂತೆ. ಅವು ಕಲಾಯಿಗೆ ಹೋಗಿವೆ. ಬಂದ ಮೇಲೆ ನೋಡೋಣ ಎಂದು ಹೇಳು.

ಇನ್ನು ಮೇಲೆ ಕಾಗದವನ್ನು ಮನೆಯ ವಿಳಾಸಕ್ಕೆ ಹಾಕಬೇಡ. ನಮ್ಮ ಓಣಿಗೆ ಹೊಸ ಪೋಸ್ಟ್‌ಮ್ಯಾನ್ ಬಂದಿದ್ದಾನೆ, ಮನೆ ಗೊತ್ತಾಗುವುದಿಲ್ಲ. ಕಲ್ಲೋಳಿಯಲ್ಲಿ ಅಣ್ಣಪ್ಪ ಕಾಕಾನ ಕಿರಾಣಿ ಅಂಗಡಿಗೆ ಹಾಕು. ನಿಮ್ಮ ಅಬ್ಬಾನ ಹಳೆಯ ದೋಸ್ತ, ತಪ್ಪದೆ ಮುಟ್ಟಿಸುತ್ತಾರೆ.

ನಿನ್ನ ಅಮ್ಮಿ,
ಬಿಬಿಜಾನ

❖

ಹುಕ್ಕೇರಿ
೨ ಫೆಬ್ರುವರಿ ೨೦೨೫

ಅಮ್ಮೀ,

ಬೆಲ್ಲದ ನಬಿಲಾಲ ಸಾವುಕಾರರ ಮನೆ ಗೊತ್ತಿಲ್ಲದ ಪೋಸ್ಟ್‌ಮ್ಯಾನ್ ಮೂಡಲಗಿಗೆ ಯಾವ ದೇಶದಿಂದ ಬಂದ? ಅಬ್ಬಾನ ಅಡತಿ ಅಂಗಡಿಯ ಗುರುತು ಹೇಳಿಯೇ ಜನ ಉಳಿದವರ ಮನೆ ಹುಡುಕುತ್ತಿದ್ದರು. ಇರಲಿ, ನೀನು ಹೇಳಿದಲ್ಲಿಗೇ ಹಾಕುತ್ತಿದ್ದೇನೆ.

ನಿನ್ನ ಕಾಗದವನ್ನು ಅತ್ತೆ ಒಡೆದೇ ನನ್ನ ಕೈಗೆ ಕೊಟ್ಟರು. ಅದಕ್ಕೆ ಇದನ್ನು ಸಪ್ನಾಳ ಹೊಲಿಗೆ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಉತ್ತರವನ್ನು ಅವಳ ಹೆಸರಿಗೇ ಹಾಕು. ಒಳ್ಳೆಯ ಹುಡುಗಿ. ನಾನು ಬಂದಾಗೆಲ್ಲ ಮಶೀನು ಜೋರಾಗಿ ತುಳಿಯುತ್ತಾಳೆ, ಹೊರಗಿನವರಿಗೆ ನನ್ನ ಅಳು ಕೇಳಬಾರದು ಎಂದು.

ನಾನು ಇಷ್ಟು ದಿನ ನಿನಗೆ ಹೇಳಿರಲಿಲ್ಲ. ಜುಬೇರ ಹೊಡೆಯುತ್ತಾನೆ. ಮೊದಮೊದಲು ಸಿಟ್ಟು ಬಂದಾಗ ಹೊಡೆಯುತ್ತಿದ್ದ, ಈಗ ಸುಮ್ಮನೆ ಹೊಡೆಯುತ್ತಾನೆ. ಹೋದ ವಾರ ಚಹಾ ಆರಿತ್ತು ಎಂದು ಎಡಗಿವಿಯ ಮೇಲೆ ಬಾರಿಸಿದ. ಅಂದಿನಿಂದ ಕಿವಿಯೊಳಗೆ ಗುಂಯ್ ಅನ್ನುವುದು ನಿಂತಿಲ್ಲ. ಇನ್ನು ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಓಣಿಯವರಿಗೆ ಹಬ್ಬ. ಅಲ್ಮಾಸ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಆಮೇಲೆ ತನ್ನ ಗೊಂಬೆಯ ಕಿವಿಗೆ ಹಾಗೆಯೇ ಹೊಡೆದಳು. ಅದನ್ನು ನೋಡಿದ ಮೇಲೆ ನನಗೆ ಇಲ್ಲಿರುವುದು ಸಾಧ್ಯವಿಲ್ಲ ಅನಿಸಿತು.

ನಾನು ಮನೆಗೆ ಬರುತ್ತೇನೆ ಅಮ್ಮೀ. ನಾಲ್ಕು ದಿನಕ್ಕಲ್ಲ. ಕೂಸನ್ನು ಕರೆದುಕೊಂಡು, ಇರುವುದಕ್ಕೆ. ಬಣ್ಣದ ವಾಸನೆ ಇದ್ದರೂ ನಡೆಯುತ್ತದೆ. ಹಿಂದಿನ ಕೋಣೆ ಸಾಕು, ಜೋಳದ ಚೀಲಗಳ ನಡುವೆ ಹಾಸಿಗೆ ಬಿಡಿಸಿಕೊಳ್ಳುತ್ತೇನೆ. ಬಾ ಎಂದು ಒಂದು ಮಾತು ಬರೆ.

ನಿನ್ನ
ಸಾಹಿರಾ

❖

ಮೂಡಲಗಿ
೫ ಮಾರ್ಚ್ ೨೦೨೫

ಸಾಹಿರಾ,

ಅವನ ಕೈಗೆ ಹುಳ ಬೀಳಲಿ. ರೋಜಾ ಹಿಡಿದ ಬಾಯಲ್ಲಿ ಇಂಥ ಮಾತು ಬರಬಾರದು, ಬಂತು. ನಿನ್ನ ಕಾಗದವನ್ನು ಮಡಿಚಿ ಇಡುತ್ತೇನೆ, ಮತ್ತೆ ಬಿಚ್ಚುತ್ತೇನೆ. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ಕೆಲಸ ನೆನಪಾಗಿ ಏಳುತ್ತಿದ್ದೆ. ಅಬ್ಬಾಗೆ ಇನ್ನೂ ಹೇಳಿಲ್ಲ. ಅವರು ಈಗ ಬಹಳ ಮಾತಾಡುವುದಿಲ್ಲ. ಬೆಳಿಗ್ಗೆ ಕುರ್ಚಿ ಹೊರಗೆ ಹಾಕಿದರೆ ಸಂಜೆಯ ತನಕ ಅಲ್ಲೇ. ಬೆಲ್ಲದ ಗಾಡಿ ಹೋದರೆ ಮಾತ್ರ ತಲೆ ಎತ್ತಿ ನೋಡುತ್ತಾರೆ.

ಮಗಳೇ, ಈಗ ಬೇಡ. ರಮಜಾನ ಮುಗಿಯಲಿ. ಮನೆಯ ಸಾಮಾನೆಲ್ಲ ಅಸ್ತವ್ಯಸ್ತವಾಗಿದೆ, ಹಿಂದಿನ ಕೋಣೆಯ ಮಾಳಿಗೆ ತೆಗೆಸಿದ್ದೇವೆ. ನಿಮ್ಮಣ್ಣ ಅಫ್ತಾಬನೂ ಊರೂರು ತಿರುಗುತ್ತಿದ್ದಾನೆ, ನಿನ್ನನ್ನು ಕರೆತರಲು ಯಾರೂ ಇಲ್ಲ. ನಿನ್ನನ್ನು ಬೇಡ ಅನ್ನುತ್ತಿಲ್ಲ ನಾನು. ಈಗ ಬೇಡ ಅನ್ನುತ್ತಿದ್ದೇನೆ. ಎರಡೂ ಒಂದೇ ಅಲ್ಲ, ಹಾಗೆ ಓದಿಕೊಳ್ಳಬೇಡ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬೆಚ್ಚಗೆ ಮಾಡಿ ಕಿವಿಗೆ ಬಿಟ್ಟುಕೋ. ಅವನು ಅಂಗಡಿಯಿಂದ ಬರುವ ಹೊತ್ತಿಗೆ ಕೂಸನ್ನು ಮಗ್ಗುಲಲ್ಲೇ ಇಟ್ಟುಕೋ. ಕೂಸಿನ ಎದುರಿಗಾದರೂ ನಾಚಿಕೆ ಬಂದೀತು.

ನನ್ನ ಮೇಲೆ ಸಿಟ್ಟಾಗು. ಅದು ನಿನ್ನ ಹಕ್ಕು.

ಅಮ್ಮಿ

❖

ಹುಕ್ಕೇರಿ
೯ ಏಪ್ರಿಲ್ ೨೦೨೫

ಅಮ್ಮೀ,

ಸಿಟ್ಟಾಗಿದ್ದೇನೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ರಮಜಾನ ಈದಿಗೆ ಅಫ್ತಾಬಣ್ಣ ಬಂದಿದ್ದ. ಪ್ರತಿ ವರ್ಷ ಕಾರಿನಲ್ಲಿ ಬರುತ್ತಿದ್ದವನು ಬಸ್ಸಿನಲ್ಲಿ ಬಂದ. "ಗಾಡಿ ಎಲ್ಲೈತಿ?" ಎಂದು ಅತ್ತೆ ಕೇಳಿದರೆ, "ಗ್ಯಾರೇಜಿನ್ಯಾಗ ಐತ್ರಿ" ಎಂದ. ಕಾರು ಗ್ಯಾರೇಜಿನಲ್ಲಿ, ದೇಗು ಕಲಾಯಿಯಲ್ಲಿ, ಬಂಗಾರ ತುರಿಕೆಯಲ್ಲಿ. ನೀನು ಕಳಿಸಿದ ಶೀರಖುರ್ಮಾದಲ್ಲಿ ಶಾವಿಗೆ ಇತ್ತು, ಹಾಲಿತ್ತು, ಪಿಸ್ತಾ ಹುಡುಕಿದರೂ ಸಿಗಲಿಲ್ಲ. ಅಣ್ಣನ ಬೂಟಿನ ಬಾಯಿ ಬಿಟ್ಟಿತ್ತು. ಅವನು ಕಾಲನ್ನು ಕುರ್ಚಿಯ ಕೆಳಗೆ ಮುಚ್ಚಿಟ್ಟುಕೊಂಡೇ ಕೂತಿದ್ದ. ನಿನ್ನ ಕಾಗದದ ಮೇಲೆ ಮೂಡಲಗಿ ಎಂದು ಬರೆದಿದ್ದೀ, ಲಕೋಟೆಯ ಮೇಲಿನ ಮುದ್ರೆ ಮಾತ್ರ ಕಲ್ಲೋಳಿಯದು. ಬಣ್ಣ ಇನ್ನೂ ಒಣಗಿಲ್ಲವೇ ಅಮ್ಮೀ?

ನೀನು ಹೇಳುವುದಿಲ್ಲ, ಗೊತ್ತು. ಕೇಳಿ ಕೇಳಿ ನಿನ್ನನ್ನು ಸಣ್ಣವಳನ್ನಾಗಿ ಮಾಡಲು ನನಗೂ ಮನಸ್ಸಿಲ್ಲ. ಅದಕ್ಕೆ ಒಂದು ದಾರಿ ಹೇಳುತ್ತೇನೆ.

ಬಕ್ರೀದಿಗೆ ನಮ್ಮ ಮನೆಯಿಂದ ಇಲ್ಲಿಗೆ ರಾನು ಬರುತ್ತದಲ್ಲ, ಕುರ್ಬಾನಿ ಹೋತಿನ ಇಡೀ ಹಿಂದಿನ ತೊಡೆ, ಹಸಿರು ಜರಿಯ ಬಟ್ಟೆ ಮುಚ್ಚಿಕೊಂಡು. ಅತ್ತೆ ಅದನ್ನು ಓಣಿಗೆಲ್ಲ ತೋರಿಸಿಯೇ ಒಲೆಗೆ ಹಾಕುವುದು. "ನಮ್ಮ ಸೊಸಿ ತವರ ಮನಿದು ನೋಡ್ರಿ" ಎನ್ನುತ್ತಾರೆ. ಆ ತಿಂಗಳೆಲ್ಲ ಜುಬೇರ ನನ್ನ ಮೇಲೆ ಕೈ ಎತ್ತುವುದಿಲ್ಲ. ಅವರು ನನಗೆ ಹೆದರುವವರಲ್ಲ, ಆ ರಾನಿಗೆ ಹೆದರುತ್ತಾರೆ. ಇವಳ ಹಿಂದೆ ಒಂದು ಮನೆ ಇದೆ ಎಂದು ಅದನ್ನು ನೋಡಿದಾಗ ನೆನಪಾಗುತ್ತದೆ.

ಈ ಸಲವೂ ರಾನು ಬಂದರೆ ಮನೆ ಇದೆ ಎಂದು ತಿಳಿಯುತ್ತೇನೆ. ಹಬ್ಬದ ಮರುದಿನ ಜುಬೇರ ಜವಳಿ ತರಲು ಇಚಲಕರಂಜಿಗೆ ಹೋಗುತ್ತಾನೆ. ಅತ್ತೆ ನೆಂಟರ ಮನೆಗಳಿಗೆ ತಿರುಗುತ್ತಾರೆ. ಆಗ ನಾನು ಅಲ್ಮಾಸಳನ್ನು ಎತ್ತಿಕೊಂಡು ಬಸ್ಸು ಹತ್ತುತ್ತೇನೆ. ರಾನು ಬರದಿದ್ದರೆ ಮನೆ ಇಲ್ಲ ಎಂದು ತಿಳಿದು ಸುಮ್ಮನಿರುತ್ತೇನೆ, ಇನ್ನು ಯಾವತ್ತೂ ಕೇಳುವುದಿಲ್ಲ. ನೀನು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ.

ಸಾಹಿರಾ

❖

ಮೂಡಲಗಿ
೨೮ ಮೇ ೨೦೨೫

ನನ್ನ ಸಾಹಿರಾ,

ರಾನು ಬರುತ್ತದೆ. ಬರದೆ ಏನು? ನಿಮ್ಮ ಅಜ್ಜನ ಕಾಲದಿಂದ ನಮ್ಮ ಮನೆಯ ಕುರ್ಬಾನಿ ಒಂದು ವರ್ಷವೂ ತಪ್ಪಿಲ್ಲ. ಹೋತು ತಂದು ಕಟ್ಟಿದ್ದೇವೆ. ಕರಿಯದು, ಹಣೆಯ ಮೇಲೆ ಬಿಳಿ ಚುಕ್ಕೆ. ಅಬ್ಬಾನ ಕೈಯಿಂದಲೇ ಸೊಪ್ಪು ತಿನ್ನುತ್ತದೆ.

ನೀನು ಬಾ. ಕೂಸಿನ ಬಟ್ಟೆ ಬಿಟ್ಟು ಬೇರೇನೂ ತರಬೇಡ, ಚೀಲ ದೊಡ್ಡದಾದರೆ ಜನರ ಕಣ್ಣಿಗೆ ಬೀಳುತ್ತದೆ. ಗೋಕಾಕದಲ್ಲಿ ಬಸ್ಸು ಬದಲಿಸಿ ಕಲ್ಲೋಳಿಯಲ್ಲೇ ಇಳಿ, ಮೂಡಲಗಿಯ ತನಕ ಹೋಗಬೇಡ. ನಾನು ಸ್ಟ್ಯಾಂಡಿನಲ್ಲೇ ಇರುತ್ತೇನೆ. ಉಳಿದದ್ದನ್ನು ನೀನು ಬಂದ ಮೇಲೆ ಎದುರಿಗೆ ಕೂತು ಮಾತಾಡೋಣ.

ಬಾ ಎಂದು ಒಂದು ಮಾತು ಬರೆ ಅಂದಿದ್ದೆಯಲ್ಲ. ಬಾ.

ಅಮ್ಮಿ

❖

ಹುಕ್ಕೇರಿ
೯ ಜೂನ್ ೨೦೨೫

ಅಮ್ಮೀ,

ರಾನು ಮುಟ್ಟಿತು. ನಾನು ಬರುವುದಿಲ್ಲ.

ಹಬ್ಬದ ಬೆಳಿಗ್ಗೆ ಗಂಡಸರೆಲ್ಲ ನಮಾಜಿಗೆ ಈದಗಾಕ್ಕೆ ಹೋಗಿದ್ದರು, ಇನ್ನೂ ತಿರುಗಿ ಬಂದಿರಲಿಲ್ಲ. ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಅಫ್ತಾಬಣ್ಣ ಹಸಿರು ಬಟ್ಟೆ ಮುಚ್ಚಿದ ಪರಾತದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಒಂದು ಗಳಿಗೆ ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಅಲ್ಮಾಸಳ ಬಟ್ಟೆಯನ್ನು ಹಿಂದಿನ ದಿನವೇ ಮಡಿಚಿ ಇಟ್ಟಿದ್ದೆ.

ಅತ್ತೆ ಹೊರಗೆ ಬಂದರು. ರಾನನ್ನು ನೋಡಿದರು, ಅಣ್ಣನ ಮುಖ ನೋಡಿದರು.

"ನಮ್ಮ ಗಂಡಸರ ಇನ್ನೂ ಈದಗಾದಾಗ ಅದಾರ. ನಿಮ್ಮ ಹೋತ ಆಗಲೇ ಕೊಯ್ದಾತೇನಪಾ?"

"ನಮ್ಮ ಕಡೆ ನಮಾಜ ಲಗೂನ ಆತ್ರಿ," ಎಂದ ಅಣ್ಣ.

"ಎಷ್ಟ ಲಗೂ? ಸೂರ್ಯ ಹುಟ್ಟೂಕಿಂತ ಮೊದಲ?"

ನಮಾಜಿಗೆ ಮೊದಲು ಕೊಯ್ದರೆ ಅದು ಕುರ್ಬಾನಿಯೇ ಅಲ್ಲ, ಬರೀ ಮಾಂಸ ಎಂದು ಸಣ್ಣ ಹುಡುಗರಿಗೂ ಗೊತ್ತು. ಅತ್ತೆ ಬಟ್ಟೆ ಸರಿಸಿ ಬೆರಳು ಇಟ್ಟು ನೋಡಿದರು. ರಾನು ಮಂಜುಗಡ್ಡೆಯಾಗಿತ್ತು. ಬಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಂಗಡ್ಯಾಗ ತೊಗೊಂಡಿದ್ದಕ್ಕ ಕುರ್ಬಾನಿ ಅಂತ ಹೆಸರ ಇಟ್ಟ ಕಳಸ್ಯಾರ," ಎಂದು ಅತ್ತೆ ಮೆಲ್ಲಗೇ ಹೇಳಿದರು. ಜೋರಾಗಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಣ್ಣ ಚಹಾ ಕೂಡ ಕುಡಿಯದೆ ಹೋದ. ನಾನು ಬಾಗಿಲ ತನಕ ಹೋಗಿ ಅವನನ್ನು ಕಳಿಸಿಕೊಡಲೂ ಇಲ್ಲ. ಅವನ ಬೂಟನ್ನು ಇನ್ನೊಮ್ಮೆ ನೋಡುವ ಧೈರ್ಯ ಇರಲಿಲ್ಲ.

ಕರಿಯ ಹೋತು, ಹಣೆಯ ಮೇಲೆ ಚುಕ್ಕೆ ಎಂದು ಬರೆದೆಯಲ್ಲ. ನಾನು ಅಲ್ಮಾಸಳಿಗೆ ಅದರ ಚಿತ್ರ ಬರೆದು ತೋರಿಸಿದ್ದೆ.

ಮನೆ ಇಲ್ಲ ಎಂದು ನನಗೆ ಗೊತ್ತಾಯಿತು. ಇಲ್ಲದ ಮನೆಗೆ ಬಂದು ನಿಮ್ಮ ತಟ್ಟೆಗೆ ಇನ್ನೂ ಎರಡು ಕೈ ಹಾಕಲಾರೆ. ನನ್ನ ಚಿಂತೆ ಮಾಡಬೇಡ. ಜುಬೇರ ಈಗ ಸುಧಾರಿಸಿದ್ದಾನೆ. ಕಿವಿಯೂ ವಾಸಿ. ಮೊದಲು ಬರೆದದ್ದೆಲ್ಲ ಸಿಟ್ಟಿನಲ್ಲಿ ಬರೆದದ್ದು, ಮರೆತುಬಿಡು.

ಸಾಹಿರಾ

❖

ಕಲ್ಲೋಳಿ
೧೦ ಜೂನ್ ೨೦೨೫

ಸಾಹಿರಾ,

ಮೊನ್ನೆ ಇಡೀ ದಿನ ಸ್ಟ್ಯಾಂಡಿನಲ್ಲಿ ಕೂತಿದ್ದೆ. ನಿನ್ನೆಯೂ ಕೂತಿದ್ದೆ. ಗೋಕಾಕದ ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಒಬ್ಬ ಕಂಡಕ್ಟರ್, "ಎಲ್ಲಿಗೆ ಹೋಗ್ತೀರಿ ಅಜ್ಜೀ?" ಎಂದ. ಎಲ್ಲಿಗೂ ಇಲ್ಲ ಎಂದೆ. ನೀನು ಯಾಕೆ ಬರಲಿಲ್ಲ? ನಿಮ್ಮಣ್ಣನನ್ನು ಕೇಳಿದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ.

ಈ ಸಲ ಕಲ್ಲೋಳಿ ಎಂದೇ ಬರೆದಿದ್ದೇನೆ. ಮೂಡಲಗಿಯ ಮನೆ ಹೋಗಿ ವರ್ಷವಾಗುತ್ತ ಬಂತು. ಅಬ್ಬಾ ಯಾರನ್ನೋ ನಂಬಿ ಸಾಲದ ಜಾಮೀನಿಗೆ ಸಹಿ ಮಾಡಿದರು, ಅಂಗಡಿ ಹೋಯಿತು, ಅದರ ಹಿಂದೆ ಮನೆ, ಕಾರು, ನನ್ನ ಕೈಯಲ್ಲಿದ್ದದ್ದು. ಈಗಿನವರು ಮನೆಗೆ ನಿಜವಾಗಿಯೂ ಬಣ್ಣ ಹಚ್ಚಿಸಿದ್ದಾರೆ, ಕೇಸರಿ ಪೇಢೆಯ ಬಣ್ಣ. ನಾವು ಅಣ್ಣಪ್ಪ ಕಾಕಾನ ಅಂಗಡಿಯ ಹಿಂದೆ ಒಂದು ಖೋಲಿಯಲ್ಲಿದ್ದೇವೆ. ಅಫ್ತಾಬ ಇಲ್ಲಿಯ ಗುರುಪಾದ ಎಂಬವನ ಟೆಂಪೊ ಹೊಡೆಯುತ್ತಾನೆ. ಹಬ್ಬದ ದಿನವೂ ಟೊಮ್ಯಾಟೊ ಹೇರುವುದಿತ್ತು, ಅದಕ್ಕೆ ಕತ್ತಲಲ್ಲೇ ಎದ್ದು ನಿಮ್ಮಲ್ಲಿಗೆ ಬಂದು ಹೋದ.

ರಾನು ಕುರ್ಬಾನಿಯದಲ್ಲ. ಹೋತು ಕಟ್ಟಿದ್ದು ಸುಳ್ಳು. ಕೊನೆಗೆ ಉಳಿದಿದ್ದ ಚಿಕ್ಕ ದೇಗನ್ನು ಮಾರಿ ಹಿಂದಿನ ದಿನ ಗೋಕಾಕದಲ್ಲಿ ಕೊಂಡದ್ದು. ಅಣ್ಣಪ್ಪ ಕಾಕಾನದು ಲಿಂಗವಂತರ ಮನೆ, ಅವರ ಫ್ರಿಜ್ಜಿನಲ್ಲಿ ಇಡುವ ಮಾತೇ ಇಲ್ಲ. ಅದಕ್ಕೆ ಐಸ್‌ಕ್ಯಾಂಡಿಯವನ ಕೈಕಾಲು ಹಿಡಿದು ಬರ್ಫಿನಲ್ಲಿ ಇಡಿಸಿದೆ. ಕುರ್ಬಾನಿಯ ಹೆಸರಿನಲ್ಲಿ ಸುಳ್ಳು ಹೇಳಿದೆ, ಅಲ್ಲಾನ ಮುಂದೆ ನಾನೇ ನಿಲ್ಲುತ್ತೇನೆ. ರಾನು ಬರದಿದ್ದರೆ ನೀನು ಬರುವುದಿಲ್ಲ ಅಂದೆಯಲ್ಲ ಮಗಳೇ. ನೀನು ಬರಲಿ ಎಂದು ಕಳಿಸಿದೆ.

ಈ ಸಲ ಹಬ್ಬದ ದಿನ ನಮ್ಮ ಬಾಗಿಲಿಗೂ ಮಾಂಸ ಬಂತು. ಕುರ್ಬಾನಿಯಲ್ಲಿ ಮೂರು ಪಾಲು, ಮನೆಗೊಂದು, ನೆಂಟರಿಗೊಂದು, ಗರೀಬರಿಗೊಂದು. ನಾನು ಎಷ್ಟು ವರ್ಷ ನನ್ನ ಕೈಯಿಂದಲೇ ಹಂಚಿದ್ದೇನೆ. ಕೊಡಲು ಬಂದ ಹುಡುಗಿ ಸಣ್ಣವಳು, ಗೊತ್ತಾಗದೆ ಹೇಳಿಬಿಟ್ಟಳು, "ಇದು ಗರೀಬರ ಪಾಲ ಐತ್ರಿ, ತೊಗೊಳ್ರಿ" ಎಂದು. ತೆಗೆದುಕೊಂಡೆ. ನೀನು ಬಂದರೆ ಉಣ್ಣಿಸಬೇಕಲ್ಲ. ಅಣ್ಣಪ್ಪ ಕಾಕಾನ ಹೆಂಡತಿ ಶಿವಗಂಗವ್ವ, "ಮಾಳಿಗಿ ಮ್ಯಾಲೆ ಒಲಿ ಹೂಡ್ರಿ, ನಾ ಕಿಡಕಿ ಹಾಕ್ಕೋತೇನಿ. ಮಗಳ ಬರಾಕತ್ತಾಳ, ಮಾಡಿ ಹಾಕ್ರಿ" ಎಂದರು. ಮಾಡಿಟ್ಟೆ. ಎರಡು ದಿನ ಕುದಿಸಿ ಕುದಿಸಿ ಇಟ್ಟೆ.

ಒಂದೇ ಖೋಲಿ. ಅಬ್ಬಾ ಮತ್ತು ಅಫ್ತಾಬ ಅಂಗಡಿಯ ಕಟ್ಟೆಯ ಮೇಲೆ ಮಲಗುತ್ತಾರೆ. ಒಳಗೆ ನಾನು, ನೀನು, ನಡುವೆ ಕೂಸು. ಅಳೆದು ನೋಡಿದ್ದೇನೆ, ಹಿಡಿಸುತ್ತೇವೆ. ಇದನ್ನು ಜನವರಿಯಲ್ಲೇ ಬರೆಯಬೇಕಾಗಿತ್ತು. ಈಗ ಬರೆದಿದ್ದೇನೆ. ಬಾ.

ಅಮ್ಮಿ

❖

ಹುಕ್ಕೇರಿ
೧ ಜುಲೈ ೨೦೨೫

ಅಮ್ಮೀ,

ನಮ್ಮಿಬ್ಬರ ಕಾಗದಗಳು ಗೋಕಾಕದ ಹತ್ತಿರ ಎಲ್ಲೋ ಎದುರುಬದುರಾಗಿ ಹಾದುಹೋಗಿರಬೇಕು. ನಿನ್ನದು ಸಪ್ನಾಳ ಅಂಗಡಿಯಲ್ಲಿ ಹತ್ತು ದಿನ ಬಿದ್ದಿತ್ತು. ಈಗ ನನ್ನನ್ನು ಹೊರಗೆ ಬಿಡುವುದಿಲ್ಲ. ಹೋದ ವಾರ ಅವಳು ಕುಬಸ ಕೊಡುವ ನೆಪದಲ್ಲಿ ಬಂದು ಅದರ ಮಡಿಕೆಯಲ್ಲಿ ಇಟ್ಟುಕೊಟ್ಟಳು. ಇದನ್ನೂ ಅವಳೇ ಒಯ್ಯುತ್ತಾಳೆ.

ಒಂದು ಖೋಲಿ ಸಾಕಾಗಿತ್ತು ಅಮ್ಮೀ. ನಾನು ಕೇಳಿದ್ದು ಚೀಲಗಳ ನಡುವಿನ ಜಾಗವನ್ನು. ಜನವರಿಯಲ್ಲಿ ನೀನು ಖೋಲಿ ಎಂದು ಬರೆದಿದ್ದರೆ ಮರುದಿನವೇ ಬರುತ್ತಿದ್ದೆ. ನಾನೂ ರಾನಿನ ಮಾತು ಎತ್ತಬಾರದಿತ್ತು. ನೀನು ಸುಳ್ಳು ಹೇಳದೆ ಇರಲಿ ಎಂದು ಎತ್ತಿದೆ, ಅದೇ ನಿನ್ನಿಂದ ದೊಡ್ಡ ಸುಳ್ಳು ಹೇಳಿಸಿತು. ಜುಬೇರ ಸುಧಾರಿಸಿದ್ದಾನೆ ಎಂದು ನಾನು ಬರೆದದ್ದೂ ಸುಳ್ಳೇ. ಈ ಬಾರಿ ಬಕ್ರೀದಿನ ತಿಂಗಳೂ ಬಿಡಲಿಲ್ಲ.

ಆ ರಾನನ್ನು ಅತ್ತೆ ಒಲೆಗೆ ಹಾಕಲಿಲ್ಲ. ಬಾಗಿಲಿಗೆ ಬಂದವರಿಗೆ ಕೊಟ್ಟುಬಿಟ್ಟರು. ನಿನ್ನ ರಾನೂ ಗರೀಬರ ಪಾಲಿಗೇ ಹೋಯಿತು.

ನಿನ್ನ ಕಾಗದ ಓದಿದ ಮೇಲೆ ನಾನು ಧೈರ್ಯ ಮಾಡಿ ಹೋಗುತ್ತೇನೆ ಎಂದೆ. ಅತ್ತೆ ತಡೆಯಲಿಲ್ಲ. "ಹೋಗವಾ, ಯಾರ ಬ್ಯಾಡ ಅಂದಾರ? ಆದ್ರ ನಮ್ಮ ಕೂಸ ಇಲ್ಲೇ ಇರತೈತಿ. ನಿಮ್ಮವರ ಅದಕ್ಕ ಏನ ತಿನಸ್ತಾರ?" ಎಂದರು. ಮೊದಲಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಅಬ್ಬಾ ನಾಲ್ಕು ಜನರನ್ನು ಕರೆದುಕೊಂಡು ಬಂದು ಕೂತಾರು ಎಂಬ ಹೆದರಿಕೆ ಇತ್ತು. ಈಗ ಯಾರೂ ಬರುವುದಿಲ್ಲ ಎಂದು ಅವರಿಗೆ ಗೊತ್ತು. ಅಲ್ಮಾಸಳನ್ನು ಅತ್ತೆ ತಮ್ಮ ಕೋಣೆಯಲ್ಲೇ ಮಲಗಿಸಿಕೊಂಡು ಒಳಗಿನಿಂದ ಚಿಲಕ ಹಾಕುತ್ತಾರೆ. ಅವಳನ್ನು ಬಿಟ್ಟು ನಾನೆಲ್ಲಿಗೆ ಬರಲಿ? ಸ್ಟ್ಯಾಂಡಿಗೆ ಹೋಗಿ ಕೂರಬೇಡ. ಬಿಸಿಲಿಗೆ ನಿನಗೆ ತಲೆ ತಿರುಗುತ್ತದೆ.

ಅಲ್ಮಾಸ ತನ್ನ ನಾನಿಯನ್ನು ನೆನೆದು ದಿನಾ ಕೇಳುತ್ತಾಳೆ, "ಮಾ, ನಾನಿ ಮನಿಗೆ ಯಾವಾಗ ಹೋಗೂದು?" ಎಂದು. ಖೋಲಿಯ ಮಾತನ್ನು ಅವಳಿಗೆ ಹೇಳಿಲ್ಲ, ಹೇಳಿದರೆ ಅತ್ತೆಯ ಮುಂದೆ ಆಡುತ್ತಾಳೆ. ಅವರು ನಗುತ್ತಾರೆ, ಅವಳೂ ಅವರನ್ನು ನೋಡಿ ನಗಲು ಕಲಿಯುತ್ತಾಳೆ. ಅದಕ್ಕೆ ಹೀಗೆ ಹೇಳುತ್ತೇನೆ: "ನಾನಿ ಮನಿ ಭಾಳ ದೊಡ್ಡದೈತಿ. ಈಗ ಬಣ್ಣ ಹಚ್ಚಾಕತ್ತಾರ. ಒಣಗಿದ ಮ್ಯಾಲ ಹೋಗೂಣು."

ನಿನ್ನ
ಸಾಹಿರಾ